ತುಳಸಿ ಸಾರದಲ್ಲಿ ಬೆಳ್ಳಿಯ ನ್ಯಾನೋಕಣ: ನಾನು ಮಾಡುವ ಕ್ರಮ

ತುಳಸಿ ಸಾರದಿಂದ ಬೆಳ್ಳಿಯ ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡಿ, ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವ ಕ್ರಮವಿದು. ಸಾರಕ್ಕೆ ಸಿಲ್ವರ್ ನೈಟ್ರೇಟ್ (ಬೆಳ್ಳಿಯ ಲವಣ) ಬೆರೆಸಿದರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರೆಗಿನದು ಸುಲಭ. ಆ ಕಂದು ನ್ಯಾನೋಕಣದ್ದೇ, ಕ್ಯಾನ್ಸರ್ ಕೋಶಗಳು ಸತ್ತದ್ದು ಆ ಕಣಗಳಿಂದಲೇ ಎಂದು ತೋರಿಸುವುದು ನಿಜವಾದ ಕೆಲಸ.

ನೆರಳಲ್ಲಿ ಒಣಗಿಸಿದ ಎಲೆಯ ಪುಡಿ 5 ಗ್ರಾಂ, ಡೀಅಯಾನೈಸ್ಡ್ (ಲವಣಗಳನ್ನು ತೆಗೆದ) ನೀರು 100 ಮಿಲಿ, 60 ಡಿಗ್ರಿಯಲ್ಲಿ 20 ನಿಮಿಷ. ಹಸಿ ಎಲೆಯಲ್ಲಿ ನೀರಿನಂಶ ದಿನಕ್ಕೊಂದು ಥರ ಇರುವುದರಿಂದ ಒಣಪುಡಿಯನ್ನೇ ಬಳಸುತ್ತೇನೆ. ವಾಟ್‌ಮನ್ 1ನೇ ನಂಬರ್ ಕಾಗದದಲ್ಲಿ ಸೋಸಿ, ಸಾರವನ್ನು ಅದೇ ದಿನ ಮುಗಿಸುತ್ತೇನೆ. 100 ಮಿಲಿ ನೀರಿಗೆ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದರೆ ನಮಗೆ ಬೇಕಾದ 1 ಮಿಲಿಮೋಲಾರ್ ಸಾಂದ್ರತೆಯ ಬೆಳ್ಳಿ ದ್ರಾವಣ. ನಲ್ಲಿ ನೀರಿನ ಕ್ಲೋರೈಡ್ ಸೋಕಿದರೂ ಸಾಕು, ಬಿಳಿ ಸಿಲ್ವರ್ ಕ್ಲೋರೈಡ್ ಒಡೆದ ಹಾಲಿನಂತೆ ತಳ ಹಿಡಿಯುತ್ತದೆ. ಗಾಜಿನ ಸಾಮಾನನ್ನೂ ಕೊನೆಯಲ್ಲಿ ಡೀಅಯಾನೈಸ್ಡ್ ನೀರಿನಲ್ಲೇ ತೊಳೆಯಬೇಕು.

ಬೆಳ್ಳಿ ದ್ರಾವಣ 90 ಮಿಲಿ, ಸಾರ 10 ಮಿಲಿ. ಕತ್ತಲಲ್ಲಿ, ಕಲಕುತ್ತಾ, ಸಾರವನ್ನು ಹನಿಹನಿಯಾಗಿ ಬಿಡುತ್ತೇನೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸಿನಲ್ಲಿ ಕಣಗಳು ಬೇಗ ಹುಟ್ಟುತ್ತವೆ. ಆದರೆ ಸೋಡಿಯಂ ಹೈಡ್ರಾಕ್ಸೈಡನ್ನು ಮೊದಲೇ ಸಾರಕ್ಕೆ ಹಾಕಿ ಸರಿಮಾಡಿಕೊಳ್ಳಬೇಕು. ನೇರ ಬೆಳ್ಳಿ ದ್ರಾವಣಕ್ಕೆ ಹಾಕಿದರೆ ಸಿಲ್ವರ್ ಆಕ್ಸೈಡ್ ಬೀಳುತ್ತದೆ. ಅದೂ ಕಂದೇ, ಎಷ್ಟೋ ಜನ ಅದನ್ನೇ ನ್ಯಾನೋಕಣ ಎಂದುಕೊಳ್ಳುತ್ತಾರೆ. ಅಮೋನಿಯಾವನ್ನಂತೂ ಇದಕ್ಕೆ ಬಳಸಲೇಬೇಡಿ. ಬೆಳ್ಳಿ ಮತ್ತು ಅಮೋನಿಯಾದ ದ್ರಾವಣ ಹಳೆಯದಾದರೆ ಸ್ಫೋಟಕವಾಗುತ್ತದೆ.

ದ್ರಾವಣ ಯಾವ ಬೆಳಕನ್ನು ಹೀರುತ್ತದೆಂದು ಅಳೆಯುವ ಯುವಿ-ವಿಸಿಬಲ್ ಯಂತ್ರದಲ್ಲಿ 400ರಿಂದ 450 ನ್ಯಾನೋಮೀಟರ್ ನಡುವೆ ಒಂದೇ ಚೂಪಾದ ಶಿಖರ ಬರಬೇಕು. ಶಿಖರ ಅಗಲವಾಗಿ ಬಲಕ್ಕೆ ಜರುಗಿದರೆ ಕಣಗಳು ದೊಡ್ಡದಾಗಿವೆ ಅಥವಾ ಗುಂಪುಗೂಡಿವೆ ಎಂದರ್ಥ. ಎಕ್ಸ್-ಕಿರಣದಿಂದ ಹರಳಿನ ರಚನೆ ಗುರುತಿಸುವ ಎಕ್ಸ್‌ಆರ್‌ಡಿಯಲ್ಲಿ 38.1, 44.3, 64.4, 77.4 ಡಿಗ್ರಿಯ ಗೆರೆಗಳು ಬೆಳ್ಳಿಯವು. ಜೊತೆಗೆ 27.8, 32.2, 46.2ರಲ್ಲಿ ಕಾಣಿಸಿದರೆ ಅದು ಸಿಲ್ವರ್ ಕ್ಲೋರೈಡ್. ಎಲೆಯಲ್ಲೇ ಕ್ಲೋರೈಡ್ ಇರುತ್ತದೆ, ಆದ್ದರಿಂದ ನೀರು ಶುದ್ಧವಾಗಿದ್ದರೂ ಇದು ಬರಬಹುದು. ಆ ಗೆರೆಗಳನ್ನು ಮುಚ್ಚಿಡದೆ ವರದಿಯಲ್ಲಿ ಬರೆಯಬೇಕು.

ಮುಂದಿನದು ತೊಳೆಯುವುದು. 12,000 ಆರ್‌ಪಿಎಂನಲ್ಲಿ 20 ನಿಮಿಷ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕದಡಿ, ಮತ್ತೆ ತಿರುಗಿಸುವುದು. ಹೀಗೆ ಮೂರು ಸಲ. ಇಲ್ಲಿ ಅವಸರ ಮಾಡಿದರೆ ಕಣವಾಗದೆ ನೀರಿನಲ್ಲಿ ಕರಗಿ ಉಳಿದ ಬೆಳ್ಳಿ ಅಯಾನುಗಳೇ ಕೋಶಗಳನ್ನು ಕೊಲ್ಲುತ್ತವೆ, ಹೆಸರು ಮಾತ್ರ ತುಳಸಿಗೆ. ಕೊನೆಯ ತೊಳೆ ನೀರನ್ನು ಎಸೆಯದೆ ಅದನ್ನೂ ಕೋಶಗಳ ಮೇಲೆ ಪರೀಕ್ಷಿಸುತ್ತೇನೆ.

ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಸಿಗುತ್ತವೆ. 96 ಗುಳಿಗಳ ಪ್ಲೇಟಿನಲ್ಲಿ ಗುಳಿಗೆ 10,000 ಕೋಶ, ಅಂಟಿಕೊಳ್ಳಲು 24 ಗಂಟೆ, ಕಣಗಳ ಜೊತೆ 24 ಗಂಟೆ. ಆಮೇಲೆ ಮೀಡಿಯಂ (ಕೋಶ ಬೆಳೆಸುವ ದ್ರವ) ತೆಗೆದು, ಪಿಬಿಎಸ್‌ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದು, ಮಿಲಿಗೆ 0.5 ಮಿಲಿಗ್ರಾಂ ಎಂಟಿಟಿ ಹಾಕಿ ನಾಲ್ಕು ಗಂಟೆ ಬಿಡುತ್ತೇನೆ. ಎಂಟಿಟಿ ಹಳದಿ ಬಣ್ಣದ್ದು, ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ನೇರಳೆ ಹರಳುಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುವುದು. ತೊಳೆಯದೆ ಎಂಟಿಟಿ ಹಾಕಿದರೆ ಸಾರದ ಫೀನಾಲ್‌ಗಳು ತಾವೇ ಅದನ್ನು ನೇರಳೆ ಮಾಡಿ, ಸತ್ತ ಕೋಶಗಳನ್ನೂ ಬದುಕಿರುವಂತೆ ತೋರಿಸುತ್ತವೆ. ಅದಕ್ಕೇ ಕೋಶಗಳಿಲ್ಲದ ಗುಳಿಗಳಿಗೂ ಕಣ ಮತ್ತು ಎಂಟಿಟಿ ಹಾಕಿ ಆ ಓದನ್ನು ಕಳೆಯುತ್ತೇನೆ.

ಪಕ್ಕದ ಸಾಲುಗಳಲ್ಲಿ ಸಾರ ಮಾತ್ರ, ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟ್ ಮಾತ್ರ, ಹೋಲಿಕೆಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ, ಮತ್ತು ಕ್ಯಾನ್ಸರ್ ಅಲ್ಲದ ಕೋಶಗಳು ಇರಲೇಬೇಕು. ಎರಡೂ ಬಗೆಯ ಕೋಶಗಳು ಒಂದೇ ಪ್ರಮಾಣದಲ್ಲಿ ಸತ್ತರೆ ಅದು ಬರೀ ವಿಷ, ಕ್ಯಾನ್ಸರ್ ವಿರೋಧಿ ಗುಣವಲ್ಲ. ಪ್ರಮಾಣವನ್ನು ಒಣಗಿಸಿದ ಕಣಗಳ ಪುಡಿಯ ತೂಕದಲ್ಲಿ ಬರೆದರೆ ಅದರಲ್ಲಿ ಎಲೆಯ ಅಂಶವೂ ಸೇರಿರುತ್ತದೆ. ಲೋಹದ ಅಂಶ ಅಳೆಯುವ ಐಸಿಪಿ ಯಂತ್ರದಲ್ಲಿ ಬೆಳ್ಳಿ ಅಳೆದು, ಐಸಿ50 (ಕೋಶಗಳ ಬದುಕುಳಿಯುವಿಕೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ) ಅನ್ನು ಬೆಳ್ಳಿಯ ತೂಕದಲ್ಲೇ ಕೊಡುತ್ತೇನೆ.

ಇದನ್ನು ಮನೆಯಲ್ಲಿ ಮಾಡಿ ರೋಗಿಗೆ ಕುಡಿಸಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ಪ್ಲೇಟಿನಲ್ಲಿ ಕೋಶ ಸತ್ತ ಮಾತ್ರಕ್ಕೆ ಅದು ಔಷಧಿಯಾಗುವುದಿಲ್ಲ. ಬೆಳ್ಳಿಯನ್ನು ಬಹಳ ದಿನ ಸೇವಿಸಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯುತ್ತದೆ. ವೈದ್ಯರು ಕೊಡುತ್ತಿರುವ ಚಿಕಿತ್ಸೆಯನ್ನು ಇದಕ್ಕಾಗಿ ಒಂದು ದಿನವೂ ನಿಲ್ಲಿಸಬಾರದು.