ಚಿಕ್ಕ ಬೈಕಿನ ಹ್ಯಾಂಡಲ್ ಅದುರುತ್ತಿದ್ದರೆ

ನೂರು ಸಿಸಿ ಆಸುಪಾಸಿನ ಬೈಕಿನಲ್ಲಿ ಅರ್ಧ ಗಂಟೆ ಸವಾರಿ ಮಾಡಿದರೆ ಬಲ ಅಂಗೈ ಜೋಮು ಹಿಡಿಯುತ್ತದೆ ಎನ್ನುವವರು ಬಹಳ ಮಂದಿ. ಅವರಿಗೆ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಹ್ಯಾಂಡಲಿನ ತುದಿಗಳಿಗೆ ವೇಯ್ಟ್ ಹಾಕಿಸಿ, ದಪ್ಪ ಗ್ರಿಪ್ ಹಾಕಿಸಿ. ತುಮಕೂರಿನಿಂದ ಗುಬ್ಬಿಗೆ ದಿನವೂ ಓಡಾಡುತ್ತಿದ್ದ ಕಾಲದಲ್ಲಿ ನಾನೂ ಅದನ್ನೇ ಮಾಡಿದೆ. ಜೋಮು ಸ್ವಲ್ಪ ಕಡಿಮೆಯಾಯಿತು, ಆದರೆ ಎಂಜಿನ್ನನ್ನು ಚಾಸಿಗೆ ಹಿಡಿದಿದ್ದ ಒಂದು ಬೋಲ್ಟು ಸಡಿಲವಾಗಿ, ಅದರ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತಿದ್ದುದು ಎರಡು ತಿಂಗಳವರೆಗೆ ನನ್ನ ಗಮನಕ್ಕೆ ಬರಲೇ ಇಲ್ಲ. ಆದ್ದರಿಂದ ನಡುಕವನ್ನು ತಗ್ಗಿಸುವ ಮೊದಲು ಅದು ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಹುಡುಕಬೇಕು ಎಂದು ಒತ್ತಿ ಹೇಳುತ್ತೇನೆ.

ಒಂದೇ ಸಿಲಿಂಡರಿನ ಎಂಜಿನ್ ಸ್ವಲ್ಪವಾದರೂ ಅದುರಿಯೇ ಅದುರುತ್ತದೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನ ಎಳೆತದಲ್ಲಿ ಒಂದು ಪಾಲನ್ನು ಮಾತ್ರ, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಪ್ರತಿಭಾರ ಸರಿದೂಗಿಸುತ್ತದೆ. ಉಳಿದದ್ದು ಚಾಸಿಯ ಮೂಲಕ ಕೈಗೂ ಕಾಲಿಗೂ ಬರುತ್ತದೆ. ಎಂಜಿನ್ನಿನ ಸುತ್ತು ನಿಮಿಷಕ್ಕೆ 3000ದಿಂದ 6000ಕ್ಕೆ ಏರಿದಾಗ ಈ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಇತ್ತ ಹ್ಯಾಂಡಲ್ ಎಂದರೆ ನಡುವೆ ಮಾತ್ರ ಹಿಡಿತವಿದ್ದು ಎರಡೂ ತುದಿ ಬಿಡುವಾಗಿರುವ, ಹೆಚ್ಚಿನ ಚಿಕ್ಕ ಬೈಕುಗಳಲ್ಲಿ ಸುಮಾರು 22 ಮಿ.ಮೀ. ದಪ್ಪದ ಟೊಳ್ಳು ಪೈಪು. ಅದಕ್ಕೂ ತನ್ನದೇ ಆದ ಕಂಪನದ ಲಯವಿರುತ್ತದೆ. ಎಂಜಿನ್ನಿನ ಲಯ ಅದಕ್ಕೆ ಹೊಂದಿಬಿಟ್ಟ ವೇಗದಲ್ಲಿ ನಡುಕ ತಡೆಯಲಾರದಷ್ಟಾಗಿ, ಅಲ್ಲಿಂದ ಸ್ವಲ್ಪ ಮೇಲೆ ಅಥವಾ ಕೆಳಗೆ ಹೋದರೆ ಇಳಿದುಬಿಡುವುದು ಇದೇ ಕಾರಣಕ್ಕೆ.

ಪರೀಕ್ಷೆಗೆ ಹೆಚ್ಚು ಸಲಕರಣೆ ಬೇಕಿಲ್ಲ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಬಿಸಿಯಾದ ಮೇಲೆ ಎಕ್ಸಿಲರೇಟರನ್ನು ನಿಧಾನವಾಗಿ ಏರಿಸಿರಿ. ಸವಾರಿಯಲ್ಲಿ ಕಾಣುವ ನಡುಕ ಇಲ್ಲೂ ಬಂದರೆ ಅದು ಎಂಜಿನ್ನಿನ ಕಡೆಯದು. ನಂತರ ವಾಹನಗಳಿಲ್ಲದ ನುಣುಪಾದ ರಸ್ತೆಯಲ್ಲಿ, ನಡುಕ ಬರುವ ವೇಗದಲ್ಲಿ ಕ್ಲಚ್ ಹಿಡಿದು ಎಕ್ಸಿಲರೇಟರ್ ಬಿಡಿರಿ; ನಡುಕ ಆಗಲೂ ಉಳಿದು ಬೈಕ್ ನಿಧಾನವಾದಂತೆ ಮಾತ್ರ ಇಳಿಯುತ್ತಿದ್ದರೆ ಚಕ್ರ, ಟೈರು ಅಥವಾ ಬೇರಿಂಗನ್ನು ನೋಡಬೇಕು. ಮುಂದಿನ ಬ್ರೇಕ್ ಹಿಡಿದಾಗ ಮಾತ್ರ ಹ್ಯಾಂಡಲಿನ ಬುಡದಲ್ಲಿ ಟಕ್ ಎಂದು ಬಡಿದಂತಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಅದರ ಬುಡದಲ್ಲಿರುವ ಗುಂಡು ಬೇರಿಂಗು) ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಆ ಚಕ್ರವನ್ನು ಹಿಡಿದಿರುವ ಫೋರ್ಕಿನ ಎರಡೂ ಕಾಲುಗಳನ್ನು ಕೆಳಗೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಅದು ಕೈಗೆ ತಿಳಿಯುತ್ತದೆ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುವಾಗ ನೇರ ಸ್ಥಾನದಲ್ಲಿ ಕಚ್ಚಿಕೊಂಡಂತಾದರೆ ಗುಂಡುಗಳು ಕೂರುವ ಬಟ್ಟಲುಗಳಲ್ಲಿ ಗುಳಿ ಬಿದ್ದಿದೆ ಎಂದರ್ಥ. ಆಗ ಬಿಗಿ ಮಾಡಿ ಪ್ರಯೋಜನವಿಲ್ಲ, ಸೆಟ್ಟನ್ನು ಪೂರ್ತಿಯಾಗಿ ಬದಲಿಸಬೇಕು.

ನಡುಕ ಎಂಜಿನ್ನಿನ ಕಡೆಯದು ಎಂದು ಖಚಿತವಾದರೆ, ಎಂಜಿನ್ ತಣ್ಣಗಾದ ಮೇಲೆ ಅದನ್ನು ಚಾಸಿಗೆ ಹಿಡಿದಿರುವ ಮೌಂಟಿಂಗ್ ಬೋಲ್ಟುಗಳು, ಸೈಲೆನ್ಸರಿನ ಬೋಲ್ಟುಗಳು, ಫುಟ್‌ರೆಸ್ಟ್, ಇವಿಷ್ಟನ್ನೂ ಸ್ಪ್ಯಾನರ್ ಹಾಕಿಯೇ ನೋಡಬೇಕು. ಬೋಲ್ಟಿನ ತಲೆಯ ಸುತ್ತ ಕೆಂಪು ಕಂದು ಪುಡಿ ಕಂಡರೆ ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತಿದೆ. ನನ್ನ ಬೈಕಿನಲ್ಲಿ ಆ ಪುಡಿಯನ್ನು ನಾನು ರಸ್ತೆಯ ಧೂಳೆಂದು ಒರೆಸಿ ಹಾಕಿದ್ದೆ. ಅತಿಯಾಗಿ ಬಿಗಿದ ಚೈನ್ ಕೂಡ ನಡುಕ ತರುತ್ತದೆ, ಆದ್ದರಿಂದ ಅದರ ಸಡಿಲವನ್ನು ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಹೊಂದಿಸಿರಿ.

ಇಷ್ಟಾದ ಮೇಲೆ ಹ್ಯಾಂಡಲಿನ ಸರದಿ. ಅದನ್ನು ಹಿಡಿದಿರುವ ಮೇಲಿನ ಎರಡು ಕ್ಲ್ಯಾಂಪುಗಳ ನಾಲ್ಕು ಬೋಲ್ಟುಗಳನ್ನು ಬಿಚ್ಚಿ, ಪೈಪಿನ ಮೇಲೂ ಕ್ಲ್ಯಾಂಪಿನ ಒಳಗೂ ಇರುವ ಎಣ್ಣೆ ಜಿಡ್ಡನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆಯಿರಿ. ಹಲವು ಬೈಕುಗಳ ಪೈಪಿನ ಮೇಲೆ ಚುಕ್ಕೆಯಂಥ ಪಂಚ್ ಗುರುತಿರುತ್ತದೆ. ಅದನ್ನು ಪೈಪು ಕೂರುವ ಕೆಳಗಿನ ಹೋಲ್ಡರಿನ ಅಂಚಿಗೆ ಸೇರಿಸಬೇಕು. ಕ್ಲ್ಯಾಂಪಿನ ಮೇಲೂ ಗುರುತಿದ್ದರೆ ಅದು ಮುಂದಕ್ಕೆ ಬರಬೇಕು. ಇಂಥ ಕ್ಲ್ಯಾಂಪುಗಳಲ್ಲಿ ಮುಂದಿನ ಎರಡು ಬೋಲ್ಟುಗಳನ್ನು ಮೊದಲು ಪೂರ್ತಿ ಬಿಗಿದು, ಆಮೇಲೆ ಹಿಂದಿನವನ್ನು ಬಿಗಿಯುವುದು ಕ್ರಮ. ಹಿಂದೆ ಸ್ವಲ್ಪ ಸಂದು ಉಳಿಯುವುದು ದೋಷವಲ್ಲ. ಅದನ್ನು ಮುಚ್ಚಿಸಲೆಂದು ಬಲವಾಗಿ ತಿರುಗಿಸಿದರೆ ಬೋಲ್ಟಿನ ಮರೆ (ತಿರುಪಿನ ಗೆರೆ) ಕಿತ್ತುಹೋಗುತ್ತದೆ. ಹೋಲ್ಡರಿನ ಕೆಳಗೆ ರಬ್ಬರ್ ಬುಷ್ ಇರುವ ಬೈಕಾದರೆ, ಬಿರುಕು ಬಿಟ್ಟ ಬುಷ್ಷುಗಳನ್ನು ಜೋಡಿಯಾಗಿಯೇ ಬದಲಿಸಿರಿ. ಬೈಕ್ ಬಿದ್ದು ಹ್ಯಾಂಡಲ್ ಬಾಗಿದ್ದರೆ ಅದನ್ನು ಬಡಿದು ನೇರ ಮಾಡಿಸುವುದಾಗಲಿ ಬಿರುಕಿಗೆ ವೆಲ್ಡಿಂಗ್ ಮಾಡಿಸುವುದಾಗಲಿ ಬೇಡವೇ ಬೇಡ. ಅದು ಮುರಿದರೆ ಓಡುವ ಬೈಕಿನಲ್ಲಿಯೇ ಮುರಿಯುತ್ತದೆ.

ಗ್ರಿಪ್ ಕೊಳ್ಳುವಾಗ ಎಡಬಲ ನೋಡಿಕೊಳ್ಳಿ. ಬಲಗಡೆಯದು ಎಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ ಕೂರುವುದರಿಂದ ಅದರ ಒಳತೂತು ದೊಡ್ಡದು. ಹಳೆಯದನ್ನು ತೆಗೆಯಲು ಅಂಚಿನಡಿ ತೆಳುವಾದ ಸ್ಕ್ರೂಡ್ರೈವರ್ ತೂರಿಸಿ ಸೋಪಿನ ನೀರು ಬಿಟ್ಟರೆ ಸಾಕು. ಎಣ್ಣೆ ಹಾಕಿದರೆ ಹೊಸ ಗ್ರಿಪ್ ಕೂಡ ಜಾರುತ್ತದೆ. ರಬ್ಬರಿಗೆ ಹಚ್ಚುವ ಅಂಟನ್ನು ತೆಳ್ಳಗೆ ಹಚ್ಚಿ, ಬಲಗಡೆ ಆ ಅಂಟು ಕೊಳವೆಗೂ ಪೈಪಿಗೂ ನಡುವೆ ಇಳಿಯದಂತೆ ಎಚ್ಚರವಹಿಸಿರಿ. ದಪ್ಪ ಫೋಮ್ ಗ್ರಿಪ್ ಸಣ್ಣ ನಡುಕವನ್ನು ನುಂಗುವುದು ನಿಜವಾದರೂ ಮಳೆಗಾಲದಲ್ಲಿ ನೀರು ಹೀರಿ ಜಾರುತ್ತದೆ. ದಪ್ಪ ಹೆಚ್ಚಿದಷ್ಟೂ ಬಿಗಿಯಾಗಿ ಹಿಡಿಯಬೇಕಾಗಿ ಬೆರಳು ಬೇಗ ಸೋಲುತ್ತವೆ. ಕ್ಲಚ್ ಮತ್ತು ಬ್ರೇಕ್ ಲಿವರುಗಳ ಕ್ಲ್ಯಾಂಪನ್ನು, ಬೈಕ್ ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುವಷ್ಟು ಬಿಗಿ ಮಾಡಿದರೆ ಸಾಕು. ಕನ್ನಡಿಯಲ್ಲಿ ಹಿಂದಿನ ವಾಹನ ಮಸುಕಾಗಿ ಕಂಡರೆ ಅದರ ಬುಡದ ಲಾಕ್ ನಟ್ಟನ್ನು ನೋಡಿರಿ.

ವೇಯ್ಟ್ ಕೊನೆಗೆ. ತುದಿಯ ಭಾರ ಹ್ಯಾಂಡಲಿನ ಲಯವನ್ನು ಕೆಳಕ್ಕಿಳಿಸಿ, ನೀವು ಹೆಚ್ಚಾಗಿ ಓಡಿಸುವ ವೇಗದಿಂದ ಆ ಹೊಂದಾಣಿಕೆಯನ್ನು ದೂರ ಸರಿಸುತ್ತದೆ. ಎಂಜಿನ್ನಿನ ನಡುಕವನ್ನೇನೂ ಅದು ಕಡಿಮೆ ಮಾಡುವುದಿಲ್ಲ. ಎರಡೂ ಕಡೆ ಸಮ ತೂಕದವನ್ನೇ ಹಾಕಿರಿ. ಪೈಪಿನೊಳಗೆ ಮರಳು ತುಂಬುವ ಉಪಾಯವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಂದೆರಡು ಕಾಳು ಎಕ್ಸಿಲರೇಟರ್ ಕೊಳವೆಗೆ ಸೇರಿದರೂ ಅದು ಸಿಕ್ಕಿಕೊಳ್ಳಬಹುದು. ಅದೇ ಕಾರಣಕ್ಕೆ ಬಲಗಡೆಯ ವೇಯ್ಟಿಗೂ ಗ್ರಿಪ್ಪಿಗೂ ನಡುವೆ ಒಂದೆರಡು ಮಿ.ಮೀ. ಜಾಗ ಬಿಡಲೇಬೇಕು. ಎಂಜಿನ್ ಆಫ್ ಇರುವಾಗ ಎಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಬಿಡಿರಿ: ಅದು ತಾನಾಗಿ ಥಟ್ಟನೆ ಹಿಂದಕ್ಕೆ ಬರಬೇಕು. ನಂತರ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎಡಬಲ ಕೊನೆಯವರೆಗೂ ತಿರುಗಿಸಿರಿ. ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ, ಅದನ್ನು ಸರಿಪಡಿಸುವವರೆಗೆ ಬೈಕನ್ನು ರಸ್ತೆಗಿಳಿಸಬೇಡಿ. ಎಲ್ಲ ಸರಿಯಾಗಿದ್ದರೂ ಎರಡು ಮೂರು ದಿನ ಓಡಿಸಿದ ಮೇಲೆ ಕ್ಲ್ಯಾಂಪು, ಮೌಂಟಿಂಗ್, ವೇಯ್ಟ್ ಇವುಗಳ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿರಿ.