ಕಾಳಿ ನದಿಯ ದಾರಿಯಲ್ಲಿ ಕೈಯ ದಿಕ್ಕುಗಳು

ನಮ್ಮ ಓಣಿಯ ಹುಡುಗಿಯೊಬ್ಬಳು ಈ ವರ್ಷ ನರ್ಸಿಂಗ್ ಸೇರಿದಳು. ಹತ್ತನೇ ತನಕ ಕನ್ನಡ ಮಾಧ್ಯಮ. ‘ಪ್ರಾಕ್ಸಿಮಲ್, ಡಿಸ್ಟಲ್ ಅಂತ ರಾತ್ರಿಯೆಲ್ಲ ಬಾಯಿಪಾಠ ಮಾಡ್ತೇನೆ ಅಕ್ಕಾ, ಬೆಳಿಗ್ಗೆ ಎದ್ರೆ ಅದಲು ಬದಲು’ ಅಂದಳು. ಮೈಯಲ್ಲಿ ಯಾವುದು ಎಲ್ಲಿದೆ ಅಂತ ಹೇಳುವ ದಿಕ್ಕಿನ ಪದಗಳು ಇವು. ಕಾರವಾರದಲ್ಲಿ 30 ವರ್ಷ ನರ್ಸ್ ಆಗಿದ್ದವಳು ನಾನು. ಪುಸ್ತಕ ಮುಚ್ಚು, ಕೈ ಚಾಚು ಅಂದೆ. ನೀವೂ ಹಾಗೇ ಮಾಡಿ.

ಎದ್ದು ನಿಲ್ಲಿ. ಪ್ರಸಾದಕ್ಕೆ ಕೈ ಒಡ್ಡುವ ಹಾಗೆ ಅಂಗೈ ಮೇಲೆ ಮಾಡಿ. ಕೈ ತಿರುಗಿಸದೆ ಹಾಗೇ ಕೆಳಗಿಳಿಸಿ. ಈಗ ಅಂಗೈ ಮುಂದಕ್ಕೆ ನೋಡುತ್ತದೆ, ಹೆಬ್ಬೆರಳು ಮೈಯಿಂದ ಹೊರಗಿದೆ. ಇದೇ ಅನಾಟಮಿಕಲ್ ಪೊಸಿಷನ್. ರೋಗಿ ಮಲಗಿರಲಿ, ಕೂತಿರಲಿ, ಹೀಗೇ ನಿಂತಿದ್ದಾನೆ ಅಂದುಕೊಂಡು ಮಾತಾಡಬೇಕು. ಎಡ ಬಲ ಅನ್ನುವುದೂ ಅವನದ್ದೇ, ಎದುರಿಗಿರುವ ನಮ್ಮದಲ್ಲ.

ಇದನ್ನು ಸುಮ್ನೆ ಹೇಳ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೈತಖೋಲ ಬಂದರಿನಿಂದ ಒಬ್ಬರು ಬಂದಿದ್ದರು. ಮುಂಗೈಗೆ ಮೀನಿನ ಮುಳ್ಳು ಹೊಕ್ಕಿತ್ತು, ಗಾಯದ ಬಾಯಿ ಮುಚ್ಚಿಕೊಂಡಿತ್ತು. ‘ಹೊರಬದಿಯಲ್ಲಿ ಮುಳ್ಳು’ ಅಂತ ಬರೆದಿಟ್ಟೆ. ಅವರು ಅಂಗೈಯನ್ನು ಮೇಜಿಗೆ ತಾಗಿಸಿ ಕೂತಿದ್ದರು. ಹಾಗೆ ಇಟ್ಟರೆ ಕಿರುಬೆರಳು ಹೊರಗೆ ಬರುತ್ತದೆ ಅಲ್ವಾ? ಮುಂದಿನ ಪಾಳಿಯವರು ಹೆಬ್ಬೆರಳ ಕಡೆ ಒತ್ತಿ ಒತ್ತಿ ಹುಡುಕಿದರು. ಆ ಮನುಷ್ಯ ಸುಮ್ಮನೆ ನೋವು ತಿಂದರು. ನನಗೆ ಅದು ಇವತ್ತಿಗೂ ನೆನಪಿದೆ.

ಈಗ ಹುಡುಗಿಯ ತಲೆನೋವಿಗೆ ಬರೋಣ. ನಮ್ಮ ಕಾಳಿ ನದಿ ಜೋಯಿಡಾದ ಡಿಗ್ಗಿ ಕಡೆ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ದಾಟಿ, ಕಾರವಾರದಲ್ಲಿ ಸಮುದ್ರ ಸೇರುತ್ತದೆ. ನಿಮ್ಮ ಹೆಗಲೇ ಡಿಗ್ಗಿ. ಬೆರಳ ತುದಿಯೇ ಸಮುದ್ರ. ಹುಟ್ಟಿನ ಕಡೆಗೆ ಹತ್ತಿರ ಇದ್ದರೆ ಪ್ರಾಕ್ಸಿಮಲ್, ಸಮುದ್ರದ ಕಡೆಗಾದರೆ ಡಿಸ್ಟಲ್. ಆದರೆ ಯಾವುದಕ್ಕೆ ಹೋಲಿಸಿ ಅನ್ನುವುದು ಮುಖ್ಯ. ಕೊಡಸಳ್ಳಿ ಸೂಪಾಕ್ಕಿಂತ ಡಿಸ್ಟಲ್, ಕದ್ರಾಕ್ಕಿಂತ ಪ್ರಾಕ್ಸಿಮಲ್. ಮೊಣಕೈಯೂ ಹಾಗೇ: ಹೆಗಲಿಗಿಂತ ಡಿಸ್ಟಲ್, ಮಣಿಕಟ್ಟಿಗಿಂತ ಪ್ರಾಕ್ಸಿಮಲ್. ‘ಮೇಲೆ, ಕೆಳಗೆ’ ಅಂದರೆ ಸಾಲದು, ಕೈ ಎತ್ತಿದ ಕೂಡಲೇ ಅದು ತಲೆಕೆಳಗಾಗುತ್ತದೆ. ನದಿ ಹುಟ್ಟುವ ಜಾಗ ಬದಲಾಗುವುದಿಲ್ಲ. ಬೆರಳಲ್ಲಿ ಉಗುರಿರುವ ಮೂಳೆಗೆ ಡಿಸ್ಟಲ್ ಫ್ಯಾಲ್ಯಾಂಕ್ಸ್ ಅನ್ನುವುದು ಇದಕ್ಕೇ. ಅದರಾಚೆ ಕೈಯೇ ಇಲ್ಲ.

ಮೈಯ ನಡುಗೆರೆಗೆ ಹತ್ತಿರದ ಬದಿ ಮೀಡಿಯಲ್, ದೂರದ್ದು ಲ್ಯಾಟರಲ್. ಮೊದಲು ನಿಂತ ಹಾಗೆ ನಿಂತರೆ ಕಿರುಬೆರಳು ಮೀಡಿಯಲ್, ಹೆಬ್ಬೆರಳು ಲ್ಯಾಟರಲ್. ಮುಂಗೈಯ ಎರಡು ಮೂಳೆಗಳಲ್ಲಿ ಅಲ್ನಾ ಕಿರುಬೆರಳ ಕಡೆ, ರೇಡಿಯಸ್ ಹೆಬ್ಬೆರಳ ಕಡೆ. ಮೊಣಕೈಯ ಒಳಬದಿಯಲ್ಲಿ ಒಂದು ಗಂಟು ಸಿಗುತ್ತದೆ, ಮುಟ್ಟಿ ನೋಡಿ. ಅದೇ ಮೀಡಿಯಲ್ ಎಪಿಕಾಂಡೈಲ್. ಅದರ ಹಿಂದೆ ಮೆಲ್ಲಗೆ ಬೆರಳಾಡಿಸಿ. ಹಗ್ಗದ ಹಾಗೆ ಜಾರುವುದು ಅಲ್ನಾರ್ ನರ. ಬಾಗಿಲಿಗೆ ಮೊಣಕೈ ತಾಗಿದರೆ ಕಿರುಬೆರಳ ತನಕ ಜುಮ್ ಅನ್ನುವುದು ಇದರಿಂದಲೇ.

ಅಂಗೈ ಕಡೆ ಆಂಟೀರಿಯರ್, ಹಿಂಗೈ ಕಡೆ ಪೋಸ್ಟೀರಿಯರ್. ಚರ್ಮಕ್ಕೆ ಹತ್ತಿರ ಇದ್ದರೆ ಸೂಪರ್‌ಫಿಶಿಯಲ್, ಒಳಗಿದ್ದರೆ ಡೀಪ್. ಇವೆರಡು ಜಾಸ್ತಿ ಕಾಡುವುದಿಲ್ಲ.

ಈಗ ಎಲ್ಲವನ್ನೂ ಸೇರಿಸಿ ಹೇಳುವುದನ್ನು ರೂಢಿ ಮಾಡಿ. ನಾಡಿ ಎಲ್ಲಿ ನೋಡುತ್ತೇವೆ? ಮುಂಗೈಯ ಡಿಸ್ಟಲ್ ತುದಿ, ಆಂಟೀರಿಯರ್ ಮುಖ, ಲ್ಯಾಟರಲ್ ಬದಿ. ಹುಡುಗಿಗೆ ದೋಸೆ ಕಾವಲಿ ತಾಗಿದ ಕಲೆಯೊಂದಿತ್ತು. ಬೆರಳಿಟ್ಟು ನಿಧಾನಕ್ಕೆ ಹೇಳಿದಳು: ‘ಬಲ ಮುಂಗೈ, ಪೋಸ್ಟೀರಿಯರ್, ಮೀಡಿಯಲ್ ಬದಿ, ಮಣಿಕಟ್ಟಿಗಿಂತ ಎರಡು ಬೆರಳು ಪ್ರಾಕ್ಸಿಮಲ್.’ ನಿಮ್ಮ ಕೈಯಲ್ಲೂ ಒಂದು ಮಚ್ಚೆಯೋ ಹಳೇ ಗಾಯವೋ ಇದ್ದೇ ಇರುತ್ತದೆ. ಅದನ್ನು ಹೀಗೇ ಬರೆದು, ಕೈ ನೋಡದವರೊಬ್ಬರಿಗೆ ಕೊಡಿ. ಅವರು ನೆಟ್ಟಗೆ ಅಲ್ಲೇ ಬೆರಳಿಡಬೇಕು.