ತಾತನಿಗೆ ಪತ್ರಿಕೆ ಓದಿ ಹೇಳುವ ಮಕ್ಕಳು: ನಮ್ಮ ಗ್ರಂಥಾಲಯದ ಎರಡು ವರ್ಷ

ತಿಪಟೂರು ಸೀಮೆಯ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸುವ ಕೆಲಸಕ್ಕೆ ನಾನು ಕೈಹಾಕಿದಾಗ, ಇದು ನಡೆಯುವ ಮಾತಲ್ಲ ಎಂದು ಹೇಳದವರೇ ಕಡಿಮೆ. ಪಕ್ಕದ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರೊಬ್ಬರು ಮೂರು ತಿಂಗಳೂ ಬಾಳುವುದಿಲ್ಲವೆಂದರು. ಸದಸ್ಯರೊಬ್ಬರು, ಮನೆಮನೆಯಲ್ಲೂ ತಾತ ಅಜ್ಜಿ ಇರುವ ಹಳ್ಳಿಗೆ ಇಂಥದೊಂದು ಕಾರ್ಯಕ್ರಮ ಬೇಕೇ ಎಂದು ಸಭೆಯಲ್ಲೇ ಕೇಳಿದರು. ಶುರುವಾಗಿ ಎರಡು ವರ್ಷ ದಾಟಿದೆ, ನೂರೈವತ್ತಕ್ಕೂ ಹೆಚ್ಚು ಸಂಜೆಗಳು ನಡೆದಿವೆ, ಆ ಮೇಲ್ವಿಚಾರಕರು ಈಚೆಗೆ ಬಂದು ಒಂದು ಸಂಜೆ ಪೂರ್ತಿ ಕುಳಿತು ನೋಡಿ ಹೋಗಿದ್ದಾರೆ. ಆದ್ದರಿಂದ ನಮ್ಮ ಮೇಲ್ವಿಚಾರಕ ಬಂಧುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸ ಹುಟ್ಟಿದ್ದು ಒಂದು ತಕರಾರಿನಿಂದ. ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು, 2020ರಲ್ಲಿ 'ಓದುವ ಬೆಳಕು' ಅಭಿಯಾನದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಮೇಲೆ ಏನಾಯಿತೆಂಬುದು ನಿಮಗೆಲ್ಲ ಗೊತ್ತು. ನಮ್ಮಲ್ಲೂ ಸಂಜೆ ಹೊತ್ತು ಮಕ್ಕಳು ತುಂಬಿಕೊಂಡರು. ಆದರೆ ಇಪ್ಪತ್ತು ವರ್ಷಗಳಿಂದ ಬೆಂಚಿನ ಮೇಲೆ ಪತ್ರಿಕೆ ಹರಡಿಕೊಂಡು ಕೂರುತ್ತಿದ್ದ ಏಳೆಂಟು ಹಿರಿಯರು ಗದ್ದಲ ತಾಳಲಾರದೆ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಒಂದೇ ಕೋಣೆಯ ಕಟ್ಟಡದಲ್ಲಿ ಇಬ್ಬರಿಗೂ ಜಾಗ ಮಾಡಬೇಕಾಗಿತ್ತು. ಟೋಕಿಯೊದ ಎಡೊಗಾವಾದಲ್ಲಿ 1976ರಿಂದಲೂ, ಅಮೆರಿಕದ ಸಿಯಾಟಲ್‌ನಲ್ಲಿ 1991ರಿಂದಲೂ ವೃದ್ಧರ ಮನೆ ಮತ್ತು ಶಿಶುವಿಹಾರವನ್ನು ಒಂದೇ ಸೂರಿನಡಿ ನಡೆಸುತ್ತಿದ್ದಾರೆಂದು ಓದಿದ್ದೆ. ಆ ಸೂರು ನಮಗೆ ಹೇಗೂ ಇತ್ತು. ಅದರ ಕೆಳಗೆ ಜಗಳ ನಡೆಯುತ್ತಿತ್ತು.

ಮೊದಲ ಸೋಲು ದುಬಾರಿಯದು. 2022ರ ಅಕ್ಟೋಬರ್ 1ರಂದು ವಿಶ್ವ ಹಿರಿಯರ ದಿನಕ್ಕೆ ಶಾಮಿಯಾನ, ಮೈಕು, ಹದಿನಾಲ್ಕು ಶಾಲು, ಮಕ್ಕಳಿಂದ ಪಾದಪೂಜೆ, ಉಪ್ಪಿಟ್ಟು ಕೇಸರಿಭಾತು ಎಂದು ಒಟ್ಟು ಒಂಬತ್ತು ಸಾವಿರದ ಆಸುಪಾಸು ಖರ್ಚಾಯಿತು. ಪಂಚಾಯಿತಿಯಿಂದ ಅರ್ಧ ಬಂತು, ದಾನಿಗಳಿಂದ ಇನ್ನಷ್ಟು, ಉಳಿದ ಸುಮಾರು ಎರಡು ಸಾವಿರ ನನ್ನ ಕೈಯಿಂದ ಹೋಯಿತು. ಅಂದು ಅರವತ್ತು ಜನ ಸೇರಿದ್ದರು, ಮರುವಾರ ಬಂದ ಹಿರಿಯರು ಮೂವರು. ಶಾಲು ಹೊದಿಸಿಕೊಂಡವರು ಮತ್ತೆ ಬರುವುದಕ್ಕೆ ನಾನು ಯಾವ ಕಾರಣವನ್ನೂ ಕೊಟ್ಟಿರಲಿಲ್ಲ.

ಎರಡನೆಯದು ಕಥೆಯ ತರಗತಿ. ಊರಿನಲ್ಲಿ ಕಥೆಗೆ ಹೆಸರಾದ ಅಜ್ಜಿಯೊಬ್ಬರನ್ನು ಕರೆತಂದು ಮೂವತ್ತು ಮಕ್ಕಳ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಇಬ್ಬರು ಮೂವರಿಗೆ ಹೇಳುವ ಧ್ವನಿ ಅದು, ಕೋಣೆಯ ಹಿಂಬದಿಗೆ ಮುಟ್ಟಲಿಲ್ಲ. ಹಿಂದಿನ ಸಾಲಿನವರು ಕಚಗುಳಿ ಇಟ್ಟುಕೊಳ್ಳತೊಡಗಿದರೆ ಮುಂದಿನವರು ಅವರನ್ನು ಗದರಿಸುತ್ತಿದ್ದರು, ಅಜ್ಜಿ ಕಥೆಯ ನಡುವೆ ನಿಂತು ನನ್ನ ಮುಖ ನೋಡುತ್ತಿದ್ದರು. ನಾಲ್ಕನೆಯ ವಾರ ಮನೆಗೆ ಹೋಗಿ ಕರೆದಾಗ, 'ಎಲ್ಲ ಮರೆತುಹೋಗಿದೆ ಕಣವ್ವ, ನನ್ನ ಬಿಟ್ಟುಬಿಡು' ಎಂದರು. ಮರೆತಿರಲಿಲ್ಲ, ಅವರಿಗೆ ಅವಮಾನವಾಗಿತ್ತು. ಅದಕ್ಕೆ ಕಾರಣ ನಾನು ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ದಾರಿ ತೋರಿಸಿದವರು ಕಣ್ಣಿಗೆ ಪೊರೆ ಬಂದಿದ್ದ ತಾತ. 2023ರ ಆರಂಭದಲ್ಲಿ ಒಂದು ದಿನ ಅವರು ಬಾಗಿಲಲ್ಲಿ ನಿಂತು, ಕೊಬ್ಬರಿ ಧಾರಣೆ ಎಷ್ಟು ಬಿದ್ದಿದೆ ನೋಡಿ ಹೇಳವ್ವ ಎಂದು ಕೇಳಿದರು. ನಾನು ರಿಜಿಸ್ಟರ್ ಬರೆಯುತ್ತಿದ್ದುದರಿಂದ ಅಲ್ಲೇ ಇದ್ದ ಐದನೆಯ ತರಗತಿಯ ಹುಡುಗನಿಗೆ ಪತ್ರಿಕೆ ಕೊಟ್ಟೆ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಅಟ್ಟದ ತುಂಬ ಕಾಯಿ ಇಟ್ಟುಕೊಂಡವರಿಗೆಲ್ಲ ಪತ್ರಿಕೆಯ ಆ ಮೂಲೆಯ ಮೇಲೆಯೇ ಕಣ್ಣು. ಹುಡುಗ ಎಂಟು ಸಾವಿರದ ಚಿಲ್ಲರೆಯನ್ನು ಎಂಟುನೂರು ಎಂದು ಓದಿದ. ತಾತ ಬೆಚ್ಚಿ, 'ಎಂಟುನೂರಾ? ಹಂಗಾದ್ರೆ ಮರ ಕಡಿಯಬೇಕಾಯ್ತಲ್ಲ ಮಗ, ಇನ್ನೊಂದು ಸಾರಿ ನೋಡು' ಎಂದರು. ಹುಡುಗ ಬೆರಳಿಟ್ಟು, ಅಂಕಿಗಳನ್ನು ಬಲದಿಂದ ಬಿಡಿ, ಹತ್ತು, ನೂರು ಎಂದು ಎಣಿಸಿ, ಸಾವಿರ ತಾತ, ಎಂಟು ಸಾವಿರ ಎಂದು ತಾನೇ ತಿದ್ದಿಕೊಂಡ. ಒತ್ತಕ್ಷರ ಬಂದರೆ ಪುಸ್ತಕ ಮುಚ್ಚುತ್ತಿದ್ದ ಹುಡುಗ ಅಂದು ಮುಕ್ಕಾಲು ಗಂಟೆ ಓದಿದ.

ಶಾಲೆಯಲ್ಲಿ ಮಗು ಓದುವುದು ಉತ್ತರ ಮೊದಲೇ ಗೊತ್ತಿರುವ ಮೇಷ್ಟ್ರಿಗೆ ಒಪ್ಪಿಸಲು. ಇಲ್ಲಿ ಕೇಳುವವರಿಗೆ ವಿಷಯ ನಿಜವಾಗಿಯೂ ಗೊತ್ತಿಲ್ಲ, ನಿಜವಾಗಿಯೂ ಬೇಕಾಗಿದೆ. ತಪ್ಪಾಗಿ ಓದಿದರೆ ಒಬ್ಬರ ಲೆಕ್ಕವೇ ಕೆಡುತ್ತದೆಂಬುದು ಮಗುವಿಗೆ ತಿಳಿಯುತ್ತದೆ. ಹಿರಿಯರಿಗೂ ಉಪದೇಶ ಮಾಡಬೇಕಾದ ಭಾರವಿಲ್ಲ, ಕೇಳಿದರೆ ಸಾಕು. ಉಳಿದದ್ದನ್ನೆಲ್ಲ ನಾನು ಇದರ ಸುತ್ತ ಕಟ್ಟಿದೆ.

ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು. ಒಂದೇ ಮಗುವಾದರೆ ನಾಚಿಕೊಂಡು ಧ್ವನಿ ಇಳಿಸುತ್ತದೆ, ಮೂವರಾದರೆ ಆಟ ಶುರುವಾಗುತ್ತದೆ. ಇಬ್ಬರಿದ್ದಾಗ ಒಬ್ಬರು ಓದುತ್ತಾರೆ, ಇನ್ನೊಬ್ಬರು ಹಾಳೆ ಹಿಡಿದು ತಪ್ಪಿದ ಕಡೆ ತೋರಿಸುತ್ತಾರೆ. ಸ್ವಂತ ಮೊಮ್ಮಕ್ಕಳನ್ನು ಸ್ವಂತ ತಾತ ಅಜ್ಜಿಯ ಜೊತೆ ಕೂರಿಸಲೇಬಾರದು. ಎರಡು ಜೋಡಿಗಳಲ್ಲಿ ಮಾಡಿ ನೋಡಿದೆ, ಮನೆಯ ಜಗಳವೆಲ್ಲ ಇಲ್ಲಿಗೇ ಬಂತು. ಸಭೆಯಲ್ಲಿ ಕೇಳಿದ ಸದಸ್ಯರಿಗೆ ನನ್ನ ಉತ್ತರವೂ ಇದೇ. ಮನೆಯಲ್ಲಿ ತಾತ ಇದ್ದರೂ ಅವರ ಮಾತು ಎದ್ದೇಳು, ಓದು, ಟಿವಿ ಆರಿಸು ಎಂಬಷ್ಟಕ್ಕೇ ನಿಲ್ಲುತ್ತದೆ. ಅಲ್ಲದೆ ಮೊದಲ ಹದಿನಾಲ್ಕು ಹಿರಿಯರಲ್ಲಿ ಆರು ಮಂದಿಯ ಮಕ್ಕಳು ಮೊಮ್ಮಕ್ಕಳೆಲ್ಲ ಬೆಂಗಳೂರು ಸೇರಿದ್ದರು.

ಒಂದೇ ಪತ್ರಿಕೆಯನ್ನು ಇಷ್ಟು ಜನ ಹೇಗೆ ಓದುವುದು ಎಂದು ಎಲ್ಲರೂ ಕೇಳುತ್ತಾರೆ. ಹನ್ನೆರಡು ಪುಟದ ಪತ್ರಿಕೆಯಲ್ಲಿ ಮೂರು ದೊಡ್ಡ ಹಾಳೆಗಳಿರುತ್ತವೆ. ಪಂಚಾಯಿತಿ ತರಿಸುವ ಎರಡು ಪತ್ರಿಕೆ ಬಿಡಿಸಿದರೆ ಆರು ಜೋಡಿಗಳಿಗೆ ಸಾಕು. ನಾವು ಸೇರುವ ವಾರದ ಎರಡು ದಿನ ಇನ್ನೊಂದು ಪತ್ರಿಕೆ ಕೊಂಡರೆ ತಿಂಗಳಿಗೆ ಐವತ್ತು ರೂಪಾಯಿಯೊಳಗೆ ಒಂಬತ್ತು ಜೋಡಿ ಕೂರಬಹುದು, ಇಪ್ಪತ್ತು ನಿಮಿಷಕ್ಕೊಮ್ಮೆ ಹಾಳೆ ಬದಲಾಗುತ್ತದೆ. ನಿನ್ನೆಯ ಪತ್ರಿಕೆ ಕೊಟ್ಟು ಉಳಿಸಲು ಹೋಗಬೇಡಿ, ಹಿರಿಯರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕೂರುವ ವ್ಯವಸ್ಥೆಗೆ ನಾನು ನಾಲ್ಕು ತಿಂಗಳು ಕಳೆದೆ. ಚಾಪೆ ಹಾಸಿದರೆ ಮಂಡಿನೋವಿನವರು ಏಳಲಾರರು. ಎಲ್ಲರಿಗೂ ಕುರ್ಚಿ ಹಾಕಿದರೆ ಮಗುವಿನ ಬಾಯಿ ಅವರ ಭುಜದ ಮಟ್ಟಕ್ಕಷ್ಟೇ ಬಂದು, ಓದಿದ್ದು ಕೇಳುವುದಿಲ್ಲ. ಕೊನೆಗೆ ಹಿರಿಯರಿಗೆ ಕೈಯಿರುವ ಕುರ್ಚಿ, ಮಕ್ಕಳಿಗೆ ಎತ್ತರದ ಮರದ ಸ್ಟೂಲು ಎಂದು ಗೊತ್ತುಮಾಡಿ, ಊರಿನ ಆಚಾರರಿಂದ ಹತ್ತು ಸ್ಟೂಲು ಮಾಡಿಸಿದೆ. ತಲಾ ನಾನೂರೈವತ್ತರಂತೆ ನಾಲ್ಕೂವರೆ ಸಾವಿರವನ್ನು ಬೆಂಗಳೂರಿನಲ್ಲಿರುವ ನಮ್ಮೂರಿನವರು ಕೊಟ್ಟರು. ನನ್ನ ರಿಜಿಸ್ಟರ್‌ನಲ್ಲಿ ಪ್ರತಿಯೊಬ್ಬ ಹಿರಿಯರ ಹೆಸರಿನ ಮುಂದೆ 'ಎಡ' ಅಥವಾ 'ಬಲ' ಎಂದು ಬರೆದಿದೆ, ಅದು ಅವರ ಚೆನ್ನಾಗಿ ಕೇಳುವ ಕಿವಿ. ನೇರವಾಗಿ ಕೇಳಿದರೆ ಯಾರೂ ಹೇಳುವುದಿಲ್ಲ, ಫೋನನ್ನು ಯಾವ ಕಿವಿಗೆ ಹಿಡಿಯುತ್ತಾರೆಂದು ನೋಡಿಕೊಳ್ಳಬೇಕು.

ಮೊದಲು ಶನಿವಾರ ಮಾತ್ರ ನಡೆಸುತ್ತಿದ್ದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾದ ಮೇಲೆ ಅಜ್ಜಿಯರು ವಾರಾಂತ್ಯಕ್ಕೆ ಧರ್ಮಸ್ಥಳಕ್ಕೋ ಸಿದ್ಧಗಂಗೆಗೋ ಹೊರಡತೊಡಗಿದರು. ಅವರ ಸಂತೋಷಕ್ಕೆ ಅಡ್ಡ ಬರದೆ ಮಂಗಳವಾರ, ಗುರುವಾರಕ್ಕೆ ಬದಲಿಸಿದೆ. ರಾಗಿ ಒಕ್ಕಣೆಯ ದಿನಗಳಲ್ಲಿ ಮೂರು ವಾರ ಬಿಡುವು ಕೊಟ್ಟುಬಿಡುವುದು ಒಳ್ಳೆಯದು.

ಚಹಾ ಬಿಸ್ಕತ್ತಿಗೆ ತಿಂಗಳಿಗೆ ಎಂಟುನೂರರ ಹತ್ತಿರ ಖರ್ಚು ಮಾಡಿ ನಿಲ್ಲಿಸಿದೆ. ಚಹಾಕ್ಕೆ ಬರುತ್ತಾರೆಂದು ಯಾರೋ ಆಡಿದ ಮಾತಿಗೆ ಇಬ್ಬರು ಬರುವುದನ್ನೇ ಬಿಟ್ಟಿದ್ದರು. ಈಗ ಸರದಿಯ ಪ್ರಕಾರ ಹಿರಿಯರೇ ಸೆರಗಿನಲ್ಲೋ ಟವೆಲಿನಲ್ಲೋ ಒಂದು ಸೇರು ಕಡಲೆಪುರಿ ಕಟ್ಟಿಕೊಂಡು ಬಂದು ಮಕ್ಕಳಿಗೆ ಹಂಚುತ್ತಾರೆ. ಪುರಿ ತರುವ ಸರದಿಯ ದಿನ ಯಾರೂ ತಪ್ಪಿಸಿಕೊಂಡದ್ದನ್ನು ನಾನು ನೋಡಿಲ್ಲ.

ಫೋನಿನ ಪ್ರಯೋಗವನ್ನೂ ಮಾಡಿದೆ. ಪಿಂಚಣಿ ಜಮಾ ಆದ ಸಂದೇಶವನ್ನು ಮಕ್ಕಳು ಓದಿ ಹೇಳಲಿ ಎಂಬುದು ನನ್ನ ಆಲೋಚನೆ. ಫೋನು ಕೈಗೆ ಬಂದೊಡನೆ ಮಕ್ಕಳಿಗೆ ವಿಡಿಯೊ ಬೇಕಾಯಿತು, ಪಕ್ಕದಲ್ಲಿದ್ದ ಅಜ್ಜಿ ಬೇಡವಾದರು. ಮೇಲಾಗಿ ಒಟಿಪಿಯನ್ನೂ ಗಟ್ಟಿಯಾಗಿ ಓದುವುದನ್ನು ಕೇಳಿ ಭಯವಾಗಿ ಮೂರೇ ವಾರಕ್ಕೆ ನಿಲ್ಲಿಸಿದೆ. ಕೊನೆಯ ಅರ್ಧ ಗಂಟೆಗೆ ಇಟ್ಟ ಚೌಕಾಬಾರ ಮಾತ್ರ ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ನಾಲ್ಕು ಕವಡೆ ಮಗುಚಿ ಬಿದ್ದರೆ ಎಂಟು, ಅಂಗಾತ ಬಿದ್ದರೆ ನಾಲ್ಕು ಎಂಬಷ್ಟರಲ್ಲಿ ಎಲ್ಲರೂ ಒಂದು. ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬಲ್ಲಿ ತೌರುಮನೆಗೊಂದು ನಿಯಮ. ಆ ವಾದದಲ್ಲಿಯೇ ಮಕ್ಕಳಿಗೆ ಅಜ್ಜಿಯರ ತೌರೂರುಗಳೆಲ್ಲ ಗೊತ್ತಾದವು. ಅಳಿಗುಳಿಮಣೆಯಲ್ಲಿ ಹುಣಸೆ ಬೀಜ ಹಂಚುತ್ತ ಮೂರನೆಯ ತರಗತಿಯ ಇಬ್ಬರು ಹೆಣ್ಣುಮಕ್ಕಳು ಭಾಗಾಕಾರ ಕಲಿತದ್ದನ್ನು ಅವರ ಟೀಚರೇ ಬಂದು ನನಗೆ ಹೇಳಿದರು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. ಬೇರೆ ಕೇರಿಯ ಮಗು ಪಕ್ಕದಲ್ಲಿ ಕೂತಿತೆಂದು ಹಿರಿಯರೊಬ್ಬರು ಮುಖ ತಿರುಗಿಸಿ ಎದ್ದುಹೋದರು. ನಾನು ಜೋಡಿ ಬದಲಿಸಲಿಲ್ಲ, ಬದಲಿಸಿದ್ದರೆ ಆ ಮಗುವಿನ ಮುಖ ನೋಡುವ ಯೋಗ್ಯತೆ ನನಗೆ ಉಳಿಯುತ್ತಿರಲಿಲ್ಲ. ಕುರ್ಚಿ ಐದು ವಾರ ಖಾಲಿ ಇತ್ತು, ಮಗು ಖಾಲಿ ಕುರ್ಚಿಯ ಪಕ್ಕದಲ್ಲೇ ಕೂತು ತನ್ನ ಜೊತೆಯವಳಿಗೆ ಓದಿ ಹೇಳಿತು. ಆರನೆಯ ವಾರ ಅವರು ತಾವಾಗಿಯೇ ಬಂದರು. ನಡುವೆ ನಾನು ಏನು ಮಾಡಿದೆನೆಂಬುದನ್ನು ಇಲ್ಲಿ ಬರೆಯುವುದು ಸರಿಯಲ್ಲ. ತಾಲ್ಲೂಕು ಸಭೆಯಲ್ಲಿ ಸಿಕ್ಕಿದವರಿಗೆ ಹೇಳುತ್ತೇನೆ. ಜೋಡಿ ಮಾಡುವ ಮುನ್ನ ನಾನು ಎರಡೂ ಕಡೆಯವರಿಗೆ ಕೇಳುವ ಮೂರು ಪ್ರಶ್ನೆಗಳನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಸ್ಟೂಲು, ಮೂರು ಭೂತಗನ್ನಡಿ, ಪತ್ರಿಕೆ ಎಲ್ಲ ಸೇರಿ ಸರಿಹೋದ ಮೇಲಿನ ಮೊದಲ ವರ್ಷ ಐದೂವರೆ ಸಾವಿರ ಖರ್ಚಾಯಿತು. ಎರಡನೆಯ ವರ್ಷ ಏಳುನೂರು ಸಹ ದಾಟಲಿಲ್ಲ. ಹಿರಿಯರು ಈಗ ಇಪ್ಪತ್ತೆರಡು ಮಂದಿ, ಮಕ್ಕಳು ನಲವತ್ತರ ಮೇಲೆ, ಅದಕ್ಕಾಗಿ ಎರಡು ಸರದಿ ಮಾಡಿದ್ದೇನೆ. ಪೊರೆಯ ತಾತನಿಗೆ ಕಳೆದ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಕಣ್ಣು ಚೆನ್ನಾಗಿ ಕಾಣುತ್ತದೆ. ಗುರುವಾರ ಬಂದವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು, ಎಡಗಿವಿಯನ್ನು ಹುಡುಗನ ಕಡೆ ತಿರುಗಿಸಿ, 'ಏನು ಬರೆದವ್ರೆ ಓದು ಮಗ' ಎಂದು ಕೂತರು.